ಕೂಲಿ ಹಣೆಬರಹವಲ್ಲ, ಅಧಿಸೂಚನೆ

*ಇಂದಿನ ಧಮ್ಮ ಚಿಂತನೆ*
ಹಿರೇಗುಂಟನೂರು ಅಧ್ಯಯನ ಬಳಗ



ಈ ವಾರ ನಾವು ದೀಘ ನಿಕಾಯದ ಸಿಗಾಲೋವಾದ ಸುತ್ತ ಓದುತ್ತಿದ್ದೇವೆ. ಆಳು ಮತ್ತು ಒಡೆಯರ ಭಾಗ ಬಂದಾಗ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವ ಒಬ್ಬ ಅಕ್ಕ ಒಂದು ಪ್ರಶ್ನೆ ಕೇಳಿದರು. "ಅಣ್ಣಾ, ನಮಗೆ ಕೂಲಿ ಕಮ್ಮಿ ಬರೋದು ಹಿಂದಿನ ಜನ್ಮದ ಕರ್ಮದಿಂದನಾ?"

ಆ ಪ್ರಶ್ನೆಗೆ ಒಂದು ವಾಕ್ಯದಲ್ಲಿ ಉತ್ತರ ಹೇಳಿ ಮುಗಿಸಬಾರದು ಅನ್ನಿಸಿತು. ಅದಕ್ಕೇ ಇಂದಿನ ಚಿಂತನೆ ಸ್ವಲ್ಪ ಉದ್ದವಾಗಿದೆ. ಕೆಲಸದಿಂದ ಬಂದ ಮೇಲೆ ಸಾವಕಾಶವಾಗಿ ಓದಿ. ಓದಲು ಬಾರದವರಿಗೆ ಮನೆಯ ಮಕ್ಕಳು ಓದಿ ಹೇಳಲಿ.

ಮೊದಲು ನೇರವಾದ ಉತ್ತರ: ಅಲ್ಲ. ಸಂಯುತ್ತ ನಿಕಾಯದ ಸೀವಕ ಸುತ್ತದಲ್ಲಿ ಇದೇ ತರಹದ ಪ್ರಶ್ನೆ ಬರುತ್ತದೆ. ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲವೇ ಎಂದು ಸೀವಕ ಕೇಳುತ್ತಾನೆ. ಬುದ್ಧರು ಹಾಗಲ್ಲ ಎನ್ನುತ್ತಾರೆ. ಪಿತ್ತ, ಕಫ, ವಾತ, ಹವಾಮಾನದ ಏರುಪೇರು, ಬೇರೆಯವರ ಹಲ್ಲೆ ಹೀಗೆ ಎಂಟು ಕಾರಣಗಳನ್ನು ಎಣಿಸುತ್ತಾರೆ. ಕರ್ಮಫಲ ಆ ಎಂಟರಲ್ಲಿ ಒಂದು ಮಾತ್ರ. ಎಲ್ಲವನ್ನೂ ಹಿಂದಿನದರ ತಲೆಗೆ ಕಟ್ಟುವುದು ಕಣ್ಣೆದುರಿಗೆ ಇರುವುದನ್ನು ನೋಡದೆ ಮಾತಾಡಿದ ಹಾಗೆ.

ಕೂಲಿಯ ವಿಷಯದಲ್ಲಿ ಕಣ್ಣೆದುರಿಗೆ ಏನಿದೆ? ಒಂದು ಕಾಗದ ಇದೆ. ಅದರ ಹೆಸರು ಅಧಿಸೂಚನೆ. ಅದಕ್ಕೆ ತಾರೀಖಿದೆ, ಸಹಿ ಇದೆ, ಮೊಹರಿದೆ. ಅದನ್ನು ಬರೆದವರು ಇದ್ದಾರೆ, ಬರೆಯುವಾಗ ಅವರ ಕಿವಿಯಲ್ಲಿ ಮಾತಾಡಿದವರೂ ಇದ್ದಾರೆ. ಕಾರಣದಿಂದ ಹುಟ್ಟಿದ್ದು ಕಾರಣ ಹೋದರೆ ಹೋಗುತ್ತದೆ ಎಂಬುದೇ ನಾವು ಕಲಿತ ಪ್ರತೀತ್ಯ ಸಮುತ್ಪಾದ. ಹಾಗಾದರೆ ಆ ಕಾಗದದ ಹಿಂದಿನ ಕಾರಣಗಳನ್ನು ನೋಡೋಣ.

*ನಾಲ್ಕು ಅಗತಿಗಳು*

ಸಿಗಾಲೋವಾದದಲ್ಲೇ, ಆಳುಗಳ ಮಾತು ಬರುವುದಕ್ಕೂ ಮುಂಚೆ, ಬುದ್ಧರು ನಾಲ್ಕು 'ಅಗತಿ'ಗಳನ್ನು ಹೇಳುತ್ತಾರೆ. ಅಗತಿ ಎಂದರೆ ಹೋಗಬಾರದ ದಾರಿ. ತೀರ್ಮಾನ ಮಾಡುವ ಮನುಷ್ಯ ತಪ್ಪು ಮಾಡುವುದು ಈ ನಾಲ್ಕು ದಾರಿ ಹಿಡಿದಾಗ: ಛಂದ (ತನ್ನವರ ಕಡೆಗಿನ ಒಲವು), ದೋಸ (ದ್ವೇಷ), ಮೋಹ (ತಿಳಿಗೇಡಿತನ), ಭಯ. ನಾವು ಇವನ್ನು ಸಾಮಾನ್ಯವಾಗಿ ಮನೆ, ನೆಂಟರು, ಊರ ಪಂಚಾಯಿತಿಯ ಮಟ್ಟದಲ್ಲಿ ಓದಿ ಬಿಡುತ್ತೇವೆ. ಆದರೆ ಲಕ್ಷಾಂತರ ಜನರ ಕೂಲಿ ನಿರ್ಧರಿಸುವವರೂ ಮನುಷ್ಯರೇ. ಅವರ ಅಗತಿ ಅವರ ಮನಸ್ಸಿನಲ್ಲೇ ಉಳಿಯುವುದಿಲ್ಲ, ಸರ್ಕಾರಿ ಆದೇಶವಾಗಿ ಹೊರಬರುತ್ತದೆ.

*1. ಛಂದಾಗತಿ: ಕೋಣೆಯಲ್ಲಿ ಯಾರು ಕೂತಿದ್ದಾರೆ?*

ನಮ್ಮ ದೇಶದಲ್ಲಿ ಕನಿಷ್ಠ ವೇತನದ ಮಸೂದೆಯನ್ನು 1946ರ ಏಪ್ರಿಲ್‌ನಲ್ಲಿ ಶಾಸನಸಭೆಯಲ್ಲಿ ಮಂಡಿಸಿದವರು ಬಾಬಾಸಾಹೇಬರು. 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಅವರು ಕಾರ್ಮಿಕ ಖಾತೆ ನೋಡುತ್ತಿದ್ದರು. ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಒಂದೇ ಮೇಜಿನ ಸುತ್ತ ಕೂತು ಮಾತಾಡುವ ತ್ರಿಪಕ್ಷೀಯ ಪದ್ಧತಿ ನೆಲೆಯಾದದ್ದು ಆ ಕಾಲದಲ್ಲೇ. ಮಸೂದೆ ಕಾಯ್ದೆಯಾದದ್ದು 1948ರಲ್ಲಿ.

ಆ ಕಾಯ್ದೆಯ ಪ್ರಕಾರ ವೇತನ ನಿಗದಿಗೆ ಎರಡು ದಾರಿಗಳಿದ್ದವು. ಒಂದು, ಸಮಿತಿ ಮಾಡಿ ಅದರ ಸಲಹೆ ಪಡೆಯುವುದು. ಇನ್ನೊಂದು, ಕರಡನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ, ಕನಿಷ್ಠ ಎರಡು ತಿಂಗಳು ಆಕ್ಷೇಪಣೆಗೆ ಕಾಲ ಕೊಡುವುದು. ಸಮಿತಿಯಲ್ಲಿ ಮಾಲೀಕರೂ ಕಾರ್ಮಿಕರೂ ಸಮಸಂಖ್ಯೆಯಲ್ಲಿರಬೇಕು. ಐದು ವರ್ಷ ಮೀರದಂತೆ ವೇತನ ಪರಿಷ್ಕರಣೆ ಆಗಬೇಕು. 2019ರ ವೇತನ ಸಂಹಿತೆಯಲ್ಲೂ ಈ ಎರಡು ದಾರಿಗಳು ಉಳಿದಿವೆ.

ಕಾಗದದ ಮೇಲೆ ಎಷ್ಟು ಚೆನ್ನಾಗಿದೆ ನೋಡಿ. ಆದರೆ ಎಲ್ಲ ಸದಸ್ಯರನ್ನೂ ನಾಮಕರಣ ಮಾಡುವುದು ಸರ್ಕಾರ. ಉದ್ಯಮಿಗಳ ಸಂಘಗಳಿಗೆ ಕಚೇರಿ ಇದೆ, ವಕೀಲರಿದ್ದಾರೆ, ಮಂತ್ರಿಗಳ ಭೇಟಿಗೆ ಸಮಯ ಸಿಗುತ್ತದೆ. ಕರಡು ಹೊರಬಿದ್ದ ವಾರದಲ್ಲೇ ಅವರ ಆಕ್ಷೇಪಣೆ ಅಂಕಿಅಂಶ ಸಮೇತ ಸಿದ್ಧವಿರುತ್ತದೆ. ಮೆಕ್ಕೆಜೋಳ ಮುರಿಯುವವರು, ಮನೆಗೆಲಸ ಮಾಡುವವರು ರಾಜ್ಯಪತ್ರ ಓದುತ್ತಾರೆಯೇ? ಅವರ ಎರಡು ತಿಂಗಳು ಅವರಿಗೆ ಗೊತ್ತಾಗುವ ಮೊದಲೇ ಕಳೆದುಹೋಗಿರುತ್ತದೆ.

ಇಲ್ಲಿ ಯಾರೋ ಲಂಚ ತೆಗೆದುಕೊಂಡರು ಎಂದು ಊಹಿಸಬೇಕಾಗಿಯೇ ಇಲ್ಲ. ದಿನಾ ಮಾತಾಡಿಸುವವರ ಕಷ್ಟ ದೊಡ್ಡದಾಗಿ ಕಾಣುತ್ತದೆ, ಎಂದೂ ಮುಖ ನೋಡದವರ ಕಷ್ಟ ಬರೀ ಸಂಖ್ಯೆಯಾಗಿ ಕಾಣುತ್ತದೆ. ಛಂದ ಎಂದರೆ ಇದೇ.

*2. ಭಯಾಗತಿ: ಯಾರ ಭಯಕ್ಕೆ ಬೆಲೆ?*

ನನ್ನ ಅಕ್ಕನ ಮಗಳು ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಮ್ಮ ಚಿತ್ರದುರ್ಗದ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಹಾಗೆ ಹೋಗಿದ್ದಾರೆ. ಪ್ರತಿ ಏಪ್ರಿಲ್‌ನಲ್ಲಿ ಬೆಲೆ ಸೂಚ್ಯಂಕ ನೋಡಿ ತುಟ್ಟಿಭತ್ಯೆ ಏರುತ್ತದೆ. ಇದು ಬಡ್ತಿಯಲ್ಲ, ಬಹುಮಾನವೂ ಅಲ್ಲ. ಅಕ್ಕಿ, ಬೇಳೆ, ಎಣ್ಣೆಯ ಬೆಲೆ ಏರಿದ್ದನ್ನು ಸರಿದೂಗಿಸುವುದು ಅಷ್ಟೆ.

2020ರ ಏಪ್ರಿಲ್‌ನಲ್ಲಿ ಏರಬೇಕಿದ್ದ ಮೊತ್ತ ತಿಂಗಳಿಗೆ 417 ರೂಪಾಯಿ 60 ಪೈಸೆ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 16 ರೂಪಾಯಿ. ಕಾರ್ಮಿಕ ಇಲಾಖೆಯ ಆದೇಶ ಅದನ್ನು ಒಂದು ವರ್ಷ ಮುಂದೂಡಿತು. ಕಾರ್ಮಿಕ ಸಂಘಗಳು ಕೋರ್ಟಿಗೆ ಹೋದವು. 2020ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಬಾಕಿ ಸಮೇತ ಕೊಡಬೇಕು ಎಂದಿತು. ಹಾಗೆ ಹೇಳಿದ ಮೇಲೂ ಅನೇಕ ಕಾರ್ಖಾನೆಗಳು ಕೊಡಲಿಲ್ಲ. ಹೊರದೇಶದ ಬ್ರಾಂಡುಗಳಿಗೆ ದೂರು ಹೋಗಿ, ಸುದ್ದಿಯಾಗಿ, ದೊಡ್ಡ ಕಾರ್ಖಾನೆಗಳು ಬಾಕಿ ಕೊಡಲು ಒಪ್ಪುವ ಹೊತ್ತಿಗೆ 2022 ಬಂದಿತ್ತು.

ಆ ಸಮಯದಲ್ಲಿ ಉದ್ಯಮದ ಭಯ ಸುಳ್ಳಾಗಿರಲಿಲ್ಲ. ಲಾಕ್‌ಡೌನ್ ಇತ್ತು, ಆರ್ಡರ್‌ಗಳು ರದ್ದಾಗುತ್ತಿದ್ದವು. ಕೂಲಿ ಏರಿದರೆ ಕೆಲಸ ಬೇರೆ ರಾಜ್ಯಕ್ಕೋ ಬಾಂಗ್ಲಾದೇಶಕ್ಕೋ ಹೋಗುತ್ತದೆ ಎಂಬ ಮಾತಂತೂ ಯಾವಾಗಲೂ ಇರುತ್ತದೆ. ಆದರೆ ನನ್ನ ಅಕ್ಕನ ಮಗಳಿಗೂ ಭಯವಿತ್ತು. ಬಾಡಿಗೆ ಕಟ್ಟುವ ಭಯ, ಊರಿಗೆ ದುಡ್ಡು ಕಳಿಸುವ ಭಯ. ಎರಡು ಭಯಗಳಲ್ಲಿ ಒಂದು ಮಾತ್ರ ಆದೇಶವಾಯಿತು.

ಒಂದು ಲೆಕ್ಕ ಮಾಡಿ. ನಮ್ಮ ರಾಜ್ಯದಲ್ಲಿ ಗಾರ್ಮೆಂಟ್ಸ್ ಕಾರ್ಮಿಕರು ನಾಲ್ಕು ಲಕ್ಷಕ್ಕೂ ಹೆಚ್ಚು. ನಾಲ್ಕು ಲಕ್ಷವೆಂದೇ ಹಿಡಿದರೂ ತಿಂಗಳಿಗೆ 16 ಕೋಟಿ 70 ಲಕ್ಷ ರೂಪಾಯಿ. ಒಬ್ಬಳ ಕೈಯಿಂದ ಹೋದದ್ದು ದಿನಕ್ಕೆ ಒಂದು ಲೋಟ ಚಹಾ, ಒಂದು ಬನ್ನಿನ ದುಡ್ಡು. ಹಾಗಾಗಿ ಅದು ಕಳವು ಎಂದು ಯಾರಿಗೂ ಅನ್ನಿಸುವುದಿಲ್ಲ. ಅದಿನ್ನಾದಾನದಿಂದ, ಅಂದರೆ ಕೊಡದದ್ದನ್ನು ತೆಗೆದುಕೊಳ್ಳುವುದರಿಂದ ದೂರವಿರುತ್ತೇನೆ ಎಂದು ನಾವು ದಿನವೂ ಶೀಲ ಸ್ವೀಕರಿಸುತ್ತೇವೆ. ಕೊಡಬೇಕಾದದ್ದನ್ನು ಇಟ್ಟುಕೊಳ್ಳುವುದೂ ಅದರೊಳಗೆ ಬರುತ್ತದೆಯೇ? ಬರುತ್ತದೆ ಎಂಬುದು ನನ್ನ ತಿಳುವಳಿಕೆ. ನೀವೂ ಯೋಚಿಸಿ.

*3. ಮೋಹಾಗತಿ: ಅಳತೆಯ ಸೇರು ಎಷ್ಟು ದೊಡ್ಡದು?*

ಸೇರೇ ಸಣ್ಣದಿದ್ದರೆ ಎಷ್ಟು ಪ್ರಾಮಾಣಿಕವಾಗಿ ಅಳೆದರೂ ಕಾಳು ಕಡಿಮೆಯೇ. ಕೂಲಿಗೂ ಒಂದು ಸೇರಿದೆ.

1957ರ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಲೆಕ್ಕ ಕೊಟ್ಟಿತು. ಒಬ್ಬರ ದುಡಿಮೆಯಿಂದ ಒಂದು ಕುಟುಂಬ ಬದುಕಬೇಕು. ವಯಸ್ಕರೊಬ್ಬರಿಗೆ ದಿನಕ್ಕೆ 2,700 ಕ್ಯಾಲರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ ದೀಪಕ್ಕೆ ಇಷ್ಟು. ಮಕ್ಕಳ ಓದು, ಔಷಧಿ, ಮುಪ್ಪಿಗೆ ಇನ್ನೂ ಶೇ. 25 ಸೇರಿಸಬೇಕು ಎಂದು ಸುಪ್ರೀಂ ಕೋರ್ಟ್ ಮುಂದೆ ಹೇಳಿತು. ಆ ಕಾಲಕ್ಕೆ ಇದು ದೊಡ್ಡ ಹೆಜ್ಜೆ. ಆದರೂ ಸೇರಿನ ಒಳಗೆ ಇಣುಕಿ ನೋಡಿ. ಕುಟುಂಬ ಎಂದರೆ ಗಂಡ, ಹೆಂಡತಿ, ಇಬ್ಬರು ಮಕ್ಕಳು. ನಾಲ್ಕು ಬಾಯಿಗೆ ಮೂರು 'ಘಟಕ'ದ ಲೆಕ್ಕ. ವಯಸ್ಸಾದ ಅಪ್ಪ ಅವ್ವನಿಗೆ ಅಲ್ಲಿ ತಟ್ಟೆಯೇ ಇಲ್ಲ.

ಉದ್ಯೋಗ ಖಾತರಿಯ ಕೂಲಿಯನ್ನು ವರ್ಷಗಟ್ಟಲೆ ಏರಿಸುತ್ತಾ ಬಂದದ್ದು ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕದ ಮೇಲೆ. ಅದರ ಆಧಾರ ವರ್ಷ 1986-87 ಆಗಿತ್ತು. ಅದರೊಳಗಿನ ಬುಟ್ಟಿ 1983ರ ಬಳಕೆ ಸಮೀಕ್ಷೆಯದಾಗಿತ್ತು. 1983ರಲ್ಲಿ ಹಿರೇಗುಂಟನೂರಿನ ಕೂಲಿ ಮನೆಯಲ್ಲಿ ಮೊಬೈಲ್ ರೀಚಾರ್ಜ್ ಇತ್ತೇ? ಗ್ಯಾಸ್ ಸಿಲಿಂಡರ್ ಇತ್ತೇ? ಶಾಲೆಯ ವ್ಯಾನಿನ ಫೀಸು ಇತ್ತೇ? ನಾವು ಇಂದಿನ ಸಂತೆಯಲ್ಲಿ ಖರ್ಚು ಮಾಡುತ್ತಿದ್ದೆವು, ಕೂಲಿ ನಮ್ಮ ಅಜ್ಜಿಯ ಬುಟ್ಟಿ ಹಿಡಿದು ಏರುತ್ತಿತ್ತು. 2024-25ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ದಿನಗೂಲಿ 349 ರೂಪಾಯಿ, 2025-26ಕ್ಕೆ 370.

ಇನ್ನೊಂದು ಉದಾಹರಣೆ ಇಡೀ ದೇಶದ್ದು. 2019ರಲ್ಲಿ ಕೇಂದ್ರ ಸರ್ಕಾರವೇ ನೇಮಿಸಿದ್ದ ತಜ್ಞರ ಸಮಿತಿ, ರಾಷ್ಟ್ರಮಟ್ಟದ ಕನಿಷ್ಠ ಕೂಲಿ ದಿನಕ್ಕೆ 375 ರೂಪಾಯಿ ಇರಬೇಕು ಎಂದು ಲೆಕ್ಕ ಹಾಕಿ ವರದಿ ಕೊಟ್ಟಿತು. ಅದೇ ವರ್ಷ ಸರ್ಕಾರ ಘೋಷಿಸಿದ ತಳಮಟ್ಟದ ಕೂಲಿ 178. ಹಿಂದೆ 176 ಇತ್ತು. ಏರಿದ್ದು ಎರಡು ರೂಪಾಯಿ. ಗೊತ್ತಿಲ್ಲದಿರುವುದು ಒಂದು ಬಗೆಯ ಮೋಹ. ವರದಿ ಕೈಯಲ್ಲಿದ್ದೂ ಅದನ್ನು ಕಪಾಟಿನಲ್ಲಿಡುವುದು ಇನ್ನೊಂದು ಬಗೆ.

*4. ದೋಸಾಗತಿ: ಬಡವ ಸೋಮಾರಿ ಎಂಬ ಮಾತು*

ದ್ವೇಷ ಎಂದರೆ ಹಲ್ಲು ಕಡಿಯುವುದು ಮಾತ್ರವಲ್ಲ. ತಾತ್ಸಾರವೂ ದ್ವೇಷವೇ. "ಇವರಿಗೆ ಕೂಲಿ ಜಾಸ್ತಿ ಕೊಟ್ಟರೆ ಕುಡಿದು ಹಾಳುಮಾಡ್ತಾರೆ", "ಖಾತರಿ ಕೆಲಸ ಬಂದು ಆಳುಗಳೇ ಸಿಗದಂಗಾಯ್ತು". ಈ ಮಾತುಗಳನ್ನು ನಾವೆಲ್ಲ ಹೋಟೆಲಿನ ಬೆಂಚಿನ ಮೇಲೆ ಕೇಳಿದ್ದೇವೆ. ಯಾರ ಬಗ್ಗೆ ಹೇಳುತ್ತಾರೆ, ಯಾವ ಕೇರಿಯತ್ತ ನೋಡಿ ಹೇಳುತ್ತಾರೆ ಎಂಬುದನ್ನೂ ಗಮನಿಸಿದ್ದೇವೆ. ಗಂಡಾಳಿಗೆ ಒಂದು ಕೂಲಿ, ಅದೇ ಹೊಲದಲ್ಲಿ ಅದೇ ಹೊತ್ತು ಬಗ್ಗಿದ ಹೆಣ್ಣಾಳಿಗೆ ಇನ್ನೊಂದು. 1976ರ ಸಮಾನ ವೇತನ ಕಾಯ್ದೆ ಬಂದು ಎಷ್ಟು ವರ್ಷವಾಯಿತು ಎಂದು ಎಣಿಸಿ ನೋಡಿ.

ಊರಿನ ಈ ಭಾವನೆ ಮೇಲಿನವರೆಗೂ ಹೋಗುತ್ತದೆ. ಬರಗಾಲದ ಕಾಮಗಾರಿಯನ್ನು ಸರ್ಕಾರದ ದಯೆ ಎಂದು ನೋಡಿದರೆ, ಕಡಿಮೆ ಕೊಟ್ಟರೂ ನಡೆಯುತ್ತದೆ ಎನ್ನಿಸುತ್ತದೆ. 1983ರಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನದ ಒಂದು ಪ್ರಕರಣದಲ್ಲಿ ಇದನ್ನು ಒಪ್ಪಲಿಲ್ಲ. ಬರ ಪರಿಹಾರದ ಕೆಲಸಕ್ಕೂ ಕನಿಷ್ಠ ವೇತನ ಕೊಡಲೇಬೇಕು, ಕೊಡದಿದ್ದರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದಿತು. ಹೊಟ್ಟೆಯ ಹಸಿವು ತಳ್ಳಿ ತಂದ ಆಳಿನಿಂದ ಕಡಿಮೆಗೆ ದುಡಿಸಿಕೊಳ್ಳುವುದೂ ಬಲವಂತವೇ ಎಂಬ ಈ ಮಾತು ಬಯಲುಸೀಮೆಯ ನಮಗೆ ಬಹಳ ಮುಖ್ಯ.

ಆದರೆ 2009ರ ಜನವರಿಯಲ್ಲಿ ಕೇಂದ್ರವು ಒಂದು ಅಧಿಸೂಚನೆಯಿಂದ ಉದ್ಯೋಗ ಖಾತರಿ ಕೂಲಿಯನ್ನು ರಾಜ್ಯಗಳ ಕನಿಷ್ಠ ವೇತನದಿಂದ ಬೇರ್ಪಡಿಸಿತು. ಖಾತರಿ ಕಾಯ್ದೆಯ 6ನೇ ಕಲಮು ಹಾಗೆ ಮಾಡಲು ಅಧಿಕಾರ ಕೊಡುತ್ತದೆ ಎಂಬುದು ಅದರ ವಾದ. ವಿಷಯ ನಮ್ಮ ಹೈಕೋರ್ಟಿಗೆ ಬಂತು. 2011ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್, ಖಾತರಿ ಕೂಲಿ ರಾಜ್ಯದ ಕನಿಷ್ಠ ವೇತನಕ್ಕಿಂತ ಕಡಿಮೆ ಇರಕೂಡದು ಎಂದಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು. 2012ರ ಜನವರಿಯಲ್ಲಿ ಅಲ್ಲಿ ತಡೆಯಾಜ್ಞೆ ಸಿಗಲಿಲ್ಲ. ಆದರೂ ಮುಂದಿನ ವರ್ಷಗಳಲ್ಲಿ ಕೂಲಿ ನಿಗದಿಯಾಗುತ್ತಾ ಬಂದದ್ದು ಆ ಸೂಚ್ಯಂಕದ ಮೇಲೆ, ಕೇಂದ್ರದ ವಾರ್ಷಿಕ ಅಧಿಸೂಚನೆಯಿಂದಲೇ. ಗೆದ್ದ ತೀರ್ಪೂ ತಾನಾಗಿ ಕೂಲಿಯ ಚೀಟಿಗೆ ಇಳಿಯುವುದಿಲ್ಲ. ಹಿಂದೆ ಬಿದ್ದು ಕೇಳುವವರು ಬೇಕು.

*ಆಳುವವರು ಬೇರೆ ದಾರಿಯನ್ನೂ ಹಿಡಿಯಬಲ್ಲರು*

ಆಳುವವರೆಲ್ಲ ಕೆಟ್ಟವರು ಎಂದು ಹೇಳಿ ಮುಗಿಸಿದರೆ ನಾವೂ ದೋಸಾಗತಿಗೆ ಬಿದ್ದಂತೆ. ಬುದ್ಧರು ಅವರ ಜೊತೆಗೂ ಮಾತಾಡಿದರು. ದೀಘ ನಿಕಾಯದ ಕೂಟದಂತ ಸುತ್ತ ನೆನಪಿಸಿಕೊಳ್ಳಿ. ಕೂಟದಂತ ರಾಜನಿಂದ ಊರನ್ನೇ ದಾನ ಪಡೆದ ದೊಡ್ಡ ಬ್ರಾಹ್ಮಣ. ನೂರಾರು ಎತ್ತು, ಕುರಿಗಳನ್ನು ಯೂಪಕ್ಕೆ ಕಟ್ಟಿಸಿದ್ದವನು. ಅವನಿಗೆ ಬುದ್ಧರು ಮಹಾವಿಜಿತ ರಾಜನ ಕಥೆ ಹೇಳುತ್ತಾರೆ. ನಾಡಿನಲ್ಲಿ ಕಳ್ಳಕಾಕರ ಹಾವಳಿ. ಹಿಡಿದು ಹೊಡೆದರೆ, ಗಡೀಪಾರು ಮಾಡಿದರೆ ಇದು ನಿಲ್ಲುವುದಿಲ್ಲ ಎಂದು ಪುರೋಹಿತ ರಾಜನಿಗೆ ಬುದ್ಧಿ ಹೇಳುತ್ತಾನೆ. ಬೇಸಾಯಗಾರರಿಗೆ ಬೀಜ, ಆಹಾರ ಕೊಡು, ವ್ಯಾಪಾರಿಗಳಿಗೆ ಬಂಡವಾಳ ಕೊಡು, ಸರ್ಕಾರಿ ಕೆಲಸದವರಿಗೆ ಭತ್ತವೇತನ ಕೊಡು ಎಂಬುದು ಅವನ ಸಲಹೆಯ ಸಾರ. ಇಲ್ಲಿ 'ಭತ್ತ' ಎಂದರೆ ಊಟ. ರಾಜ ಹಾಗೆ ಮಾಡಿದ, ನಾಡು ನೆಮ್ಮದಿಯಾಯಿತು. ಕಥೆ ಕೇಳಿದ ಕೂಟದಂತ ಕಟ್ಟಿದ ಪ್ರಾಣಿಗಳನ್ನು ಬಿಡಿಸಿದ.

ಈ ಸುತ್ತದಲ್ಲಿ ನಾನು ಮತ್ತೆ ಮತ್ತೆ ನಿಲ್ಲುವುದು ಒಂದು ಕಡೆ. ರೈತನಿಗೆ ಬೀಜವೂ ದುಡಿಯುವವನಿಗೆ ವೇತನವೂ ಒಂದೇ ಉಸಿರಿನಲ್ಲಿ ಬರುತ್ತವೆ. ಒಬ್ಬರ ಬಾಯಿಂದ ಕಿತ್ತು ಇನ್ನೊಬ್ಬರಿಗೆ ಕೊಡುವ ಮಾತಿಲ್ಲ. ನಮ್ಮ ಬಳಗದಲ್ಲೇ ಎರಡು ಮೂರು ಎಕರೆ ಈರುಳ್ಳಿ ಹಾಕುವವರಿದ್ದಾರೆ. ಬೆಲೆ ಬಿದ್ದ ವರ್ಷ ಅವರು "ಕೂಲಿ ಎಲ್ಲಿಂದ ತಂದುಕೊಡಲಿ?" ಎಂದರೆ ಅದು ನೆಪವಲ್ಲ, ನಿಜ. ಆದರೆ ಈರುಳ್ಳಿಯ ಬೆಲೆ ನಿರ್ಧಾರವಾಗುವುದೂ ಆ ರೈತನಿಲ್ಲದ ಕೋಣೆಯಲ್ಲೇ. ರಫ್ತು ನಿಲ್ಲಿಸುವ ಆದೇಶ ದೆಹಲಿಯಿಂದ ಬರುತ್ತದೆ, ಬೆಲೆ ಮಂಡಿಯಲ್ಲಿ ಬೀಳುತ್ತದೆ, ಜಗಳ ಮಾತ್ರ ನಮ್ಮ ಹೊಲದ ಬದುವಿನ ಮೇಲೆ ರೈತ ಮತ್ತು ಕೂಲಿಯವನ ನಡುವೆ ಆಗುತ್ತದೆ. ತೀರ್ಮಾನ ಮಾಡುವವರಿಗೆ ಇದಕ್ಕಿಂತ ಅನುಕೂಲ ಬೇರೆ ಏನಿದೆ?

ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಧಮ್ಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸಿಗುತ್ತದೆ ಎಂಬುದು ಅವುಗಳ ಒಂದು ಮಾತು. ಅಶೋಕ ಕಳಿಂಗದ ಅಧಿಕಾರಿಗಳಿಗೆ ಬರೆಸಿದ ಇನ್ನೊಂದು ಶಾಸನವಿದೆ. ಅದರ ಭಾಗಗಳು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿವೆ. ಅಧಿಕಾರಿ ಅನ್ಯಾಯ ಮಾಡುವುದು ಅಸೂಯೆ, ಸಿಡುಕು, ಕಠೋರತೆ, ಆತುರ, ಸೋಮಾರಿತನ, ದಣಿವು ಮುಂತಾದವುಗಳಿಂದ, ಇವನ್ನು ಬಿಡಿ ಎಂದು ರಾಜ ಎಚ್ಚರಿಸುತ್ತಾನೆ. ಅದನ್ನು ಆಗಾಗ ಓದಿಸಬೇಕು, ಕೇಳಲು ಒಬ್ಬನೇ ಇದ್ದರೂ ಓದಿಸಬೇಕು ಎಂದೂ ಹೇಳುತ್ತಾನೆ. ಆಳುವವರ ಮನಸ್ಸನ್ನು ಕಾಯುವುದು ಅವರ ಒಳ್ಳೆಯತನಕ್ಕೆ ಬಿಟ್ಟ ವಿಷಯವಲ್ಲ, ಜನರ ಎದುರಿಗೆ ಓದಬೇಕಾದ ವಿಷಯ ಎಂದು ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಒಬ್ಬ ರಾಜನಿಗೆ ತಿಳಿದಿತ್ತು.

*ಇಂದಿನ ಅಭ್ಯಾಸ*

🪷 ಕೂಲಿಗೆ ಹೋಗುವವರು: ನಿಮ್ಮ ಕೆಲಸಕ್ಕೆ ಈ ವರ್ಷ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನ ಎಷ್ಟು ಎಂದು ಕೇಳಿ ತಿಳಿಯಿರಿ. ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಆ ಪಟ್ಟಿ ಇರುತ್ತದೆ. ಮೂಲ ವೇತನ ಬೇರೆ, ತುಟ್ಟಿಭತ್ಯೆ ಬೇರೆ, ಎರಡನ್ನೂ ಕೂಡಿಸಿ ನೋಡಿ. ಗಾರ್ಮೆಂಟ್ಸ್‌ನಲ್ಲಿರುವ ಮಕ್ಕಳಿಗೆ ಫೋನ್ ಮಾಡಿ, ಏಪ್ರಿಲ್‌ನ ಸಂಬಳದ ಚೀಟಿಯನ್ನು ಮಾರ್ಚ್‌ನದರ ಪಕ್ಕ ಇಟ್ಟು ನೋಡಲು ಹೇಳಿ.

🪷 ಆಳು ಕರೆಯುವವರು: ಸಿಗಾಲೋವಾದದ ಐದು ಕರ್ತವ್ಯಗಳನ್ನು ಒಂದೊಂದಾಗಿ ತಮಗೆ ತಾವೇ ಕೇಳಿಕೊಳ್ಳಿ. ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ವೇತನ, ಕಾಯಿಲೆಯಲ್ಲಿ ಆರೈಕೆ, ವಿಶೇಷ ಅಡುಗೆಯಲ್ಲಿ ಪಾಲು, ಕಾಲಕ್ಕೆ ಸರಿಯಾಗಿ ಬಿಡುವು. ಬುದ್ಧರು ಇವನ್ನು ದಾನದ ಪಟ್ಟಿಯಲ್ಲಿ ಹೇಳಲಿಲ್ಲ, ಕರ್ತವ್ಯದ ಪಟ್ಟಿಯಲ್ಲಿ ಹೇಳಿದರು. ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ ಕೊಡಲು ಯಾವ ಅಧಿಸೂಚನೆಗೂ ಕಾಯಬೇಕಿಲ್ಲ.

🪷 ಎಲ್ಲರೂ: ಮುಂದಿನ ಗ್ರಾಮಸಭೆಗೆ ಹೋಗಿ. ಹೊಸ ವೇತನದ ಕರಡು ಯಾವಾಗ ಹೊರಬಿದ್ದರೂ ಬಳಗದಲ್ಲಿ ಕೂತು ಓದೋಣ, ಎರಡು ತಿಂಗಳೊಳಗೆ ನಮ್ಮ ಕಡೆಯಿಂದಲೂ ಒಂದು ಪತ್ರ ಕಳಿಸೋಣ. ಅದರಲ್ಲಿ ನಮ್ಮ ಒಂದು ತಿಂಗಳ ಮನೆ ಖರ್ಚನ್ನು, ಅಪ್ಪ ಅವ್ವನ ಔಷಧಿಯನ್ನೂ ಸೇರಿಸಿ, ಇದ್ದದ್ದು ಇದ್ದ ಹಾಗೆ ಬರೆಯೋಣ. ಮೆತ್ತಾ ಭಾವನೆಯಲ್ಲಿ ಎಲ್ಲ ಜೀವಿಗಳೂ ಸುಖವಾಗಿರಲಿ ಎಂದು ಹಾರೈಸುವ ನಾವು, ಆ ಸುಖಕ್ಕೆ ತಿಂಗಳಿಗೆ ಎಷ್ಟು ರೂಪಾಯಿ ಬೇಕು ಎಂಬ ಲೆಕ್ಕವನ್ನೂ ಬರೆಯಲು ಕಲಿಯಬೇಕು.

ನಾಳೆಯ ಓದು: ಚಕ್ಕವತ್ತಿ ಸೀಹನಾದ ಸುತ್ತ. ಬಡವರಿಗೆ ಧನ ಕೊಡುವುದನ್ನು ರಾಜ ಬಿಟ್ಟಾಗ ಬಡತನ, ಬಡತನದಿಂದ ಕಳವು, ಕಳವಿನಿಂದ ಆಯುಧ, ಆಯುಧದಿಂದ ಕೊಲೆ ಹೇಗೆ ಬೆಳೆದವು ಎಂಬ ಭಾಗ.

ಎಲ್ಲರಿಗೂ ಮಂಗಳವಾಗಲಿ. ದುಡಿಯುವ ಕೈಗಳಿಗೆ ದುಡಿದಷ್ಟು ಸಿಗಲಿ.

ನಮೋ ಬುದ್ಧಾಯ 🙏 ಜೈ ಭೀಮ್

_ಓದಿ, ನಿಮ್ಮವರಿಗೂ ಕಳಿಸಿ._